ಜೊತೆಯಾಗಿ ಹೋದರು, ಬೇರೆಬೇರೆಯಾಗಿ ಬಂದರು

ದೇಶ ಸುತ್ತು, ಕೋಶ ಓದು ಅಂತ ನಮ್ಮ ಹಿರಿಯರು ಹೇಳಿಟ್ಟು ಹೋದರು. ಯಾರ ಜೊತೆ ಸುತ್ತಬೇಕು ಅನ್ನೋದನ್ನ ಮಾತ್ರ ಹೇಳಲಿಲ್ಲ. ನನ್ನ ಪ್ರಕಾರ ಅಸಲಿ ಪ್ರಶ್ನೆ ಇರೋದೇ ಅಲ್ಲಿ.

ಕಾಲೇಜು ಗೆಳೆಯರೆಲ್ಲ ಸೇರಿ ಬ್ಯಾಂಕಾಕಿಗೋ ಬಾಲಿಗೋ ಹೋಗೋದು, ಹೋಗುವಾಗ ಏರ್‌ಪೋರ್ಟಿನಲ್ಲಿ ಒಟ್ಟಿಗೆ ಫೋಟೋ, ಬರುವಾಗ ಒಬ್ಬೊಬ್ಬರು ಒಂದೊಂದು ಕ್ಯಾಬು... ಇಂಥ ಕಥೆ ನಿಮ್ಮ ಹತ್ತಿರವೂ ಒಂದಾದರೂ ಇದ್ದೇ ಇರುತ್ತೆ. ಇದೆಲ್ಲ ಐಟಿ ಸಂಬಳ ಮತ್ತು ಅಗ್ಗದ ಟಿಕೆಟ್ ಬಂದ ಮೇಲೆ ಶುರುವಾದ ರೋಗ ಅಂತ ಹಿರಿಯರು ಮೂಗು ಮುರಿಯುತ್ತಾರೆ. ಅವರ ಗಮನಕ್ಕೆ ಒಂದು ವಿಷಯ. ಗೆಳೆಯರು ವಿದೇಶ ಪ್ರವಾಸ ಹೋಗಿ ಮುಖ ಮುರಿದುಕೊಂಡು ಬಂದ ಅತ್ಯಂತ ಪ್ರಸಿದ್ಧ ಪ್ರಕರಣ ನಡೆದದ್ದು 1741ರಲ್ಲಿ. ಇಬ್ಬರೂ ಸಾಮಾನ್ಯರಲ್ಲ. ಒಬ್ಬ ಹೊರೇಸ್ ವಾಲ್ಪೋಲ್, ಇಂಗ್ಲೆಂಡಿನ ಪ್ರಧಾನಮಂತ್ರಿ ರಾಬರ್ಟ್ ವಾಲ್ಪೋಲರ ಕಿರಿಯ ಮಗ. ಇನ್ನೊಬ್ಬ ಥಾಮಸ್ ಗ್ರೇ. ಹೌದು, ಹಳ್ಳಿಯ ಸ್ಮಶಾನದಲ್ಲಿ ಕೂತು ಬಡವರ ಬಗ್ಗೆ ಬರೆದ ಆ ಶೋಕಗೀತೆಯ ಕವಿ. ಇಂಗ್ಲಿಷ್ ಪಠ್ಯದಲ್ಲಿ ಓದಿ, ಪರೀಕ್ಷೆ ಬರೆದು, ಮರೆತವರು ನಮ್ಮಲ್ಲಿ ಬಹಳ ಜನ ಇದ್ದೇವೆ :)

ಮೊದಲು ಸ್ವಲ್ಪ ಹಿನ್ನೆಲೆ. ಹದಿನೇಳನೇ ಶತಮಾನದಿಂದ ಇಂಗ್ಲೆಂಡಿನ ಸಿರಿವಂತರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಓದು ಮುಗಿಸಿದ ಹುಡುಗ ಒಂದೆರಡು ವರ್ಷ ಫ್ರಾನ್ಸು, ಇಟಲಿ ಸುತ್ತಿ ಬರಬೇಕು. ಫ್ರೆಂಚ್ ಕಲಿಯಬೇಕು, ರೋಮಿನ ಹಾಳುಗೋಡೆಗಳನ್ನು ನೋಡಬೇಕು, ಚಿತ್ರ-ಶಿಲ್ಪ ಕೊಂಡು ತರಬೇಕು, ದೊಡ್ಡ ಮನೆತನಗಳ ನಡವಳಿಕೆ ಕಲಿಯಬೇಕು. ಇದಕ್ಕೆ ಗ್ರ್ಯಾಂಡ್ ಟೂರ್ ಅಂತ ಹೆಸರು. ಈ ಹೆಸರು ಅಚ್ಚಿನಲ್ಲಿ ಮೊದಲು ಕಾಣಿಸಿದ್ದು 1670ರಲ್ಲಿ, ರಿಚರ್ಡ್ ಲ್ಯಾಸೆಲ್ಸ್ ಎಂಬ ಪಾದ್ರಿ ಇಟಲಿ ಪ್ರವಾಸದ ಬಗ್ಗೆ ಬರೆದ ಪುಸ್ತಕದಲ್ಲಿ. ಹುಡುಗ ಹಾದಿ ತಪ್ಪದಿರಲಿ ಅಂತ ಜೊತೆಗೊಬ್ಬ ಮೇಷ್ಟ್ರನ್ನೂ ಕಳಿಸುತ್ತಿದ್ದರು. ಜನ ತಮಾಷೆಗೆ ಆ ಮೇಷ್ಟ್ರನ್ನು ಕರಡಿ ಆಡಿಸುವವನು ಅನ್ನುತ್ತಿದ್ದರಂತೆ. ಕರಡಿ ಯಾರು ಅಂತ ಬೇರೆ ಹೇಳಬೇಕಿಲ್ಲವಲ್ಲ!

ವಾಲ್ಪೋಲ್ ಮೇಷ್ಟ್ರನ್ನು ಕರೆದುಕೊಂಡು ಹೋಗಲಿಲ್ಲ. ಗೆಳೆಯನನ್ನು ಕರೆದುಕೊಂಡು ಹೋದ. ಕಥೆ ಶುರುವಾಗೋದು ಇಲ್ಲಿಂದ.

*

ಇಬ್ಬರದೂ ಈಟನ್ ಶಾಲೆಯ ಸ್ನೇಹ. ಅಲ್ಲಿ ಇವರದ್ದು ನಾಲ್ಕು ಜನರ ಗುಂಪು. ವಾಲ್ಪೋಲ್, ಗ್ರೇ, ರಿಚರ್ಡ್ ವೆಸ್ಟ್, ಥಾಮಸ್ ಆಶ್ಟನ್. ಆಟಕ್ಕಿಂತ ಪುಸ್ತಕದ ಹುಚ್ಚು ಜಾಸ್ತಿ ಇದ್ದ ಹುಡುಗರು. ತಮ್ಮ ಗುಂಪಿಗೆ ಚತುಷ್ಟಯ ಮೈತ್ರಿಕೂಟ ಅನ್ನುವಂಥ ಭಾರೀ ಹೆಸರು ಇಟ್ಟುಕೊಂಡಿದ್ದರು. ನಮ್ಮ ವಾಟ್ಸಾಪ್ ಗ್ರೂಪುಗಳ ಹೆಸರಿಗಿಂತ ಏನೂ ಕಮ್ಮಿ ಇಲ್ಲ ಬಿಡಿ.

ಶಾಲೆಯ ಅಂಗಳದಲ್ಲಿ ಎಲ್ಲರೂ ಸಮ. ಹೊರಗೆ ಹಾಗಿರಲಿಲ್ಲ. ವಾಲ್ಪೋಲನ ಅಪ್ಪ 1721ರಿಂದ ದೇಶದ ಚುಕ್ಕಾಣಿ ಹಿಡಿದಿದ್ದವರು. ಮಗನಿಗೆ ಕೂತಲ್ಲೇ ಆದಾಯ ಬರುವ ಸರ್ಕಾರಿ ಹುದ್ದೆಗಳನ್ನು ಕೊಡಿಸಿದ್ದರು. ಗ್ರೇ ಹುಟ್ಟಿದ್ದು ಲಂಡನ್ನಿನ ಕಾರ್ನ್‌ಹಿಲ್ ಬೀದಿಯಲ್ಲಿ. ಅಪ್ಪ ದಸ್ತಾವೇಜು ಬರೆಯುವ ಕಸುಬಿನವರು, ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಪತ್ರ ಬರಹಗಾರರನ್ನು ನೆನೆಸಿಕೊಳ್ಳಿ. ಮನುಷ್ಯ ವಿಪರೀತ ಕೋಪಿಷ್ಠ, ಹೆಂಡತಿಯನ್ನು ಹೊಡೆಯುತ್ತಿದ್ದವರು. ಹನ್ನೆರಡು ಮಕ್ಕಳಲ್ಲಿ ಉಳಿದದ್ದು ಗ್ರೇ ಒಬ್ಬನೇ. ಅವನ ತಾಯಿ ಡೊರೊತಿ ತನ್ನ ಅಕ್ಕತಂಗಿಯ ಜೊತೆ ಸೇರಿ ಹೆಂಗಸರ ಟೋಪಿ, ಲೇಸು ಮಾರುವ ಅಂಗಡಿ ನಡೆಸಿ, ಆ ದುಡ್ಡಿನಲ್ಲಿ ಮಗನನ್ನು ಈಟನ್ನಿನಲ್ಲಿ ಓದಿಸಿದಳು.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಅಂದರೆ, ಪ್ರವಾಸದ ಖರ್ಚೆಲ್ಲ ವಾಲ್ಪೋಲನದು. ಗ್ರೇ ಅವನ ಅತಿಥಿ. ಆಳಲ್ಲ, ಮೇಷ್ಟ್ರಲ್ಲ, ಕಾರ್ಯದರ್ಶಿಯೂ ಅಲ್ಲ. ಗೆಳೆಯ. ಆದರೆ ದುಡ್ಡು ಕೊಡದ ಗೆಳೆಯ. ಕನ್ನಡದಲ್ಲಿ ಈ ಸ್ಥಿತಿಗೆ ಒಂದೇ ಒಂದು ಪದ ಸಾಕು. ಹಂಗು.

1739ರ ಮಾರ್ಚ್ ಕೊನೆಯಲ್ಲಿ ಇಬ್ಬರೂ ಡೋವರ್‌ನಿಂದ ಹಡಗು ಹತ್ತಿದರು. ಗ್ರೇಗೆ 22, ವಾಲ್ಪೋಲನಿಗೆ 21.

ಪ್ಯಾರಿಸ್ಸಿನಲ್ಲಿ ಸುಮಾರು ಎರಡು ತಿಂಗಳು. ನಾಟಕ, ಒಪೆರಾ, ಹೊಸ ಬಟ್ಟೆ, ಊಟದ ಮೇಲೆ ಊಟ. ಆಮೇಲೆ ಫ್ರೆಂಚ್ ಸುಧಾರಿಸಿಕೊಳ್ಳಲಿಕ್ಕೆ ಅಂತ ರ‍್ಹೀಮ್ಸ್ ಊರಿನಲ್ಲಿ ಮೂರು ತಿಂಗಳು. ಅಲ್ಲಿಂದ ಡಿಜೋನ್, ಲಿಯಾನ್. ಲಿಯಾನ್‌ನಿಂದ ಜಿನೀವಾಕ್ಕೆ ಹೋಗುವಾಗ ದಾರಿ ಬಳಸಿ ಗ್ರಾಂಡ್ ಶಾರ್ತ್ರ್ಯೂಸ್ ಎಂಬ ಬೆಟ್ಟದ ಮೇಲಿನ ಮಠ ನೋಡಿದರು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಪ್ರಪಾತ, ತಳದಲ್ಲಿ ಭೋರ್ಗರೆಯುವ ನೀರು. ಇಬ್ಬರೂ ಇಂಗ್ಲೆಂಡಿನಲ್ಲಿದ್ದ ವೆಸ್ಟ್‌ಗೆ ಉಸಿರು ಬಿಗಿಹಿಡಿದು ಕಾಗದ ಬರೆದರು. ಅಲ್ಲಿಯವರೆಗೆ ಯುರೋಪಿನ ಪ್ರವಾಸಿಗರಿಗೆ ಬೆಟ್ಟ ಅಂದರೆ ಬಹುಮಟ್ಟಿಗೆ ದಾರಿಗೆ ಅಡ್ಡ ಬರುವ ಪೀಡೆ. ಬೆಟ್ಟವನ್ನು ನೋಡಲಿಕ್ಕಂತಲೇ ನೋಡುವ, ನೋಡಿ ಮೈಮರೆಯುವ ಹೊಸ ರುಚಿ ಈ ಹುಡುಗರ ಕಾಗದಗಳಲ್ಲಿ ಮೊಳಕೆ ಒಡೆಯುವುದು ಕಾಣುತ್ತೆ. ಸಾಹಿತ್ಯ ಚರಿತ್ರೆಯವರು ಇವತ್ತಿಗೂ ಈ ಕಾಗದಗಳನ್ನು ಉದಾಹರಿಸುತ್ತಾರೆ.

ನವೆಂಬರಿನಲ್ಲಿ ಆಲ್ಪ್ಸ್ ದಾಟಬೇಕಾಯಿತು. ಆಗ ಮೌಂಟ್ ಸೆನಿಸ್ ಕಣಿವೆಯಲ್ಲಿ ಗಾಡಿ ಹೋಗುವ ರಸ್ತೆ ಇಲ್ಲ. ಗಾಡಿಯನ್ನೇ ಬಿಚ್ಚಿ, ಭಾಗಭಾಗ ಮಾಡಿ ಹೇಸರಗತ್ತೆಗಳ ಮೇಲೆ ಹೇರಬೇಕು. ಜನರನ್ನು ಕುರ್ಚಿಯಲ್ಲಿ ಕೂರಿಸಿ ಕಂಬ ಕಟ್ಟಿ ಹೊರುತ್ತಾರೆ, ಶಬರಿಮಲೆಯಲ್ಲಿ ಡೋಲಿ ಹೊರುತ್ತಾರಲ್ಲ ಹಾಗೆ. ಇವರಿಗೆ, ಇವರ ಆಳುಗಳಿಗೆ, ಸಾಮಾನಿಗೆ ಸೇರಿ ಹನ್ನೆರಡು ಜನ ಹೊರೆಯಾಳುಗಳು, ಒಂಬತ್ತು ಹೇಸರಗತ್ತೆಗಳು. ಐದು ಗಂಟೆಗೂ ಮೀರಿದ ಪಯಣ. ಲಿಯಾನ್‌ನಿಂದ ಟುರಿನ್‌ಗೆ ಎಂಟು ದಿನ.

ಈ ದಾರಿಯಲ್ಲೇ ಒಂದು ದುರಂತ. ವಾಲ್ಪೋಲನ ಜೊತೆ ಅವನ ಮುದ್ದಿನ ಪುಟ್ಟ ಕಪ್ಪು ನಾಯಿ ಇತ್ತು. ಹೆಸರು ಟೋರಿ. ಇಲ್ಲೊಂದು ಸ್ವಾರಸ್ಯ. ಅವನ ಅಪ್ಪ ವಿಗ್ ಪಕ್ಷದ ನಾಯಕ, ಟೋರಿಗಳು ವಿರೋಧ ಪಕ್ಷ! ನಾಯಿ ಕುದುರೆಗಳ ಪಕ್ಕ ಕುಲುಕುತ್ತಾ ನಡೆದು ಬರುತ್ತಿತ್ತು. ಹಾಡುಹಗಲು ಎರಡು ಗಂಟೆ, ಬಿಸಿಲು ಬೇರೆ. ಪಕ್ಕದ ಕಾಡಿನಿಂದ ತೋಳವೊಂದು ಹಾರಿ ಬಂದು, ನಾಯಿಯ ಕುತ್ತಿಗೆಗೆ ಬಾಯಿ ಹಾಕಿ, ಬಂಡೆ ಏರಿ ಹೊತ್ತುಕೊಂಡು ಹೋಯಿತು. ಗಾಡಿಯವನು ಚಾಟಿ ಬೀಸಿದ್ದಷ್ಟೇ ಬಂತು. ವಾಲ್ಪೋಲ್ ವೆಸ್ಟ್‌ಗೆ ಬರೆದ ಕಾಗದದಲ್ಲಿ ಈ ಸಂಕಟ ಓದಬೇಕು. ಎರಡು ಹೆಜ್ಜೆ ದೂರದಲ್ಲಿ ನಡೆದರೂ ಏನೂ ಮಾಡಲಾಗಲಿಲ್ಲವಲ್ಲ ಅನ್ನೋ ಕೊರಗು.

ಗಮನಿಸಿ, ತೋಳ ಬಂತು, ಪ್ರಪಾತ ಬಂತು, ಹಿಮ ಬಂತು. ಆಗೆಲ್ಲ ಈ ಇಬ್ಬರು ಜಗಳ ಆಡಲಿಲ್ಲ. ಕಷ್ಟ ಬಂದಾಗ ಗೆಳೆಯರು ಹತ್ತಿರವೇ ಆಗುತ್ತಾರೆ. ಜಗಳ ಹುಟ್ಟಿದ್ದು ಸುಖ ಬಂದ ಮೇಲೆ.

*

ಸುಖದ ಹೆಸರು ಫ್ಲಾರೆನ್ಸ್. 1739ರ ಡಿಸೆಂಬರಿನಲ್ಲಿ ಇಬ್ಬರೂ ಅಲ್ಲಿಗೆ ತಲುಪಿದರು. ಅಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಹೊರೇಸ್ ಮಾನ್ ಇವರಿಗೆ ಆತಿಥ್ಯ ಕೊಟ್ಟ. ಪ್ರಧಾನಿಯ ಮಗ ಅಂದರೆ ಕೇಳಬೇಕೆ? ಊರಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಕಾರ್ನಿವಲ್, ಮುಖವಾಡ, ನೃತ್ಯ, ಇಸ್ಪೀಟು, ಸುಂದರಿಯರು. ವಾಲ್ಪೋಲ್ ರಾತ್ರಿಯೆಲ್ಲ ಎದ್ದಿರುತ್ತಿದ್ದ, ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಗ್ರೇ ಬೆಳಿಗ್ಗೆ ಎದ್ದು ನೋಟ್‌ಬುಕ್ ಹಿಡಿದು ಚಿತ್ರಶಾಲೆಗೆ ಹೋಗುತ್ತಿದ್ದ. ಯಾವ ಚಿತ್ರ, ಯಾರು ಬರೆದದ್ದು, ಯಾವ ಶಿಲ್ಪದ ಮೂಗು ಆಮೇಲೆ ಅಂಟಿಸಿದ್ದು, ಎಲ್ಲ ಟಿಪ್ಪಣಿ ಮಾಡುತ್ತಿದ್ದ.

ಪ್ರತಿ ಪ್ರವಾಸದ ಗುಂಪಿನಲ್ಲೂ ಈ ಎರಡು ಜಾತಿ ಇದ್ದೇ ಇರುತ್ತೆ ನೋಡಿ. ಒಬ್ಬ ಎಕ್ಸೆಲ್ ಶೀಟ್ ಮಾಡಿಕೊಂಡು ಬಂದವನು, ಇನ್ನೊಬ್ಬ "ಲೋ, ರಜಕ್ಕೆ ಬಂದಿದೀವಿ, ನೆಮ್ಮದಿಯಾಗಿ ನಿದ್ದೆ ಮಾಡಕ್ಕೆ ಬಿಡೋ" ಅನ್ನುವವನು.

ನಡುವೆ ಒಂದು ರೋಮ್ ಯಾತ್ರೆ ಆಯಿತು. 1740ರ ಫೆಬ್ರವರಿಯಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ತೀರಿಕೊಂಡಿದ್ದರು. ಹೊಸ ಪೋಪ್ ಆಯ್ಕೆ, ಪಟ್ಟಾಭಿಷೇಕ ನೋಡೋಣ ಅಂತ ಮಾರ್ಚಿನಲ್ಲಿ ಇಬ್ಬರೂ ಹೊರಟರು. ಕಾರ್ಡಿನಲ್‌ಗಳು ಒಳಗೆ ಸೇರಿದವರು ಹೊರಗೆ ಬರಲೇ ಇಲ್ಲ. ಏಪ್ರಿಲ್ ಆಯಿತು, ಮೇ ಆಯಿತು. ಬೇಸರ ಕಳೆಯಲು ನೇಪಲ್ಸಿಗೆ ಹೋಗಿ ಬಂದರು. ಅಲ್ಲಿ ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ಹರ್ಕ್ಯುಲೇನಿಯಂ ಊರನ್ನು ಆಗತಾನೆ ಅಗೆಯುತ್ತಿದ್ದರು, 1738ರಲ್ಲಿ ಶುರುವಾದ ಕೆಲಸ. ನೆಲದಡಿಯ ಸುರಂಗಗಳಲ್ಲಿ ಇಳಿದು ನೋಡಿದ ಮೊದಮೊದಲ ಇಂಗ್ಲಿಷ್ ಪ್ರವಾಸಿಗರಲ್ಲಿ ಇವರೂ ಸೇರುತ್ತಾರೆ. ಮತ್ತೆ ರೋಮ್. ಇನ್ನೂ ಪೋಪ್ ಇಲ್ಲ! ಬೇಸಿಗೆಯ ಮಲೇರಿಯಾ ಭಯ ಬೇರೆ. ಜುಲೈನಲ್ಲಿ ಫ್ಲಾರೆನ್ಸಿಗೆ ವಾಪಸ್ ಬಂದರು. ಆಗಸ್ಟ್ 17ಕ್ಕೆ ಹದಿನಾಲ್ಕನೇ ಬೆನೆಡಿಕ್ಟ್ ಆಯ್ಕೆಯಾದರು. ಇದಕ್ಕೆ ಏನನ್ನುತ್ತೀರಿ :)

ಆಮೇಲೆ ಫ್ಲಾರೆನ್ಸಿನಲ್ಲಿ ಮತ್ತೆ ಒಂಬತ್ತು ತಿಂಗಳು. ನನಗೆ ಅನ್ನಿಸೋದು, ಈ ಒಂಬತ್ತು ತಿಂಗಳೇ ಸ್ನೇಹವನ್ನು ತಿಂದದ್ದು. ಗ್ರೇ ನೋಡಬೇಕಾದ್ದೆಲ್ಲ ನೋಡಿ ಮುಗಿಸಿದ್ದ. ಹೊರಡೋಣ ಅನ್ನುವ ಹಕ್ಕು ಅವನಿಗಿರಲಿಲ್ಲ, ಯಾಕಂದರೆ ಗಾಡಿ ವಾಲ್ಪೋಲನದು. ಒಬ್ಬನೇ ಹೋಗೋಣ ಅಂದರೆ ದುಡ್ಡು ವಾಲ್ಪೋಲನದು. ಊರಿನ ದೊಡ್ಡವರ ಮನೆಗೆ ಆಹ್ವಾನ ಬರುತ್ತಿದ್ದದ್ದು ವಾಲ್ಪೋಲನಿಗೆ, ಗ್ರೇ ಅವನ ಹಿಂದೆ. ಅವನು ಮನೆಯಲ್ಲೇ ಕೂತು ಲ್ಯಾಟಿನ್‌ನಲ್ಲಿ ತತ್ವಶಾಸ್ತ್ರದ ಪದ್ಯ ಬರೆಯಲು ಶುರುಮಾಡಿದ. 24 ವರ್ಷದ ಹುಡುಗ, ಇಟಲಿಯ ವಸಂತ, ಹೊರಗೆ ಸಂಗೀತ, ಒಳಗೆ ಲ್ಯಾಟಿನ್ ಪದ್ಯ. ಪಾಪ ಅನ್ನಿಸುತ್ತೆ. ಹಾಗೇ, ಇಂಥವನ ಜೊತೆ ಎರಡು ವರ್ಷ ಒಂದೇ ಮನೆಯಲ್ಲಿರೋದೂ ಸುಲಭವಲ್ಲ ಅಂತಲೂ ಅನ್ನಿಸುತ್ತೆ.

1741ರ ಏಪ್ರಿಲ್ ಕೊನೆಗೆ ಅಂತೂ ಹೊರಟರು. ರೆಜ್ಜೋ ಎಂಬ ಊರಿನ ಜಾತ್ರೆಗೆ, ಅಲ್ಲಿನ ಒಪೆರಾ ನೋಡಲು. ಅಲ್ಲೇ, ಮೇ ತಿಂಗಳಲ್ಲಿ, ದೊಡ್ಡ ಜಗಳ. ಗ್ರೇ ಪೆಟ್ಟಿಗೆ ಕಟ್ಟಿಕೊಂಡು, ಇಬ್ಬರು ಬೇರೆ ಇಂಗ್ಲಿಷ್ ಪ್ರವಾಸಿಗರ ಜೊತೆ ವೆನಿಸ್ಸಿಗೆ ಹೊರಟುಹೋದ. ಫ್ಲಾರೆನ್ಸಿನಿಂದ ಮಾನ್ ರಾಜಿ ಮಾಡಿಸಲು ನೋಡಿದ. ಆಗಲಿಲ್ಲ.

ಇತ್ತ ರೆಜ್ಜೋದಲ್ಲಿ ಉಳಿದ ವಾಲ್ಪೋಲನಿಗೆ ಗಂಟಲು ಬಾವು ಬಂತು. ಇವತ್ತಾದರೆ ಒಂದು ಕೋರ್ಸ್ ಆ್ಯಂಟಿಬಯೋಟಿಕ್, ಮುಗೀತು. ಅವತ್ತು ಉಸಿರು ಕಟ್ಟಿ ಸಾಯುವ ಕಾಯಿಲೆ. ಅದೃಷ್ಟಕ್ಕೆ ಜೋಸೆಫ್ ಸ್ಪೆನ್ಸ್ ಎಂಬ ವಿದ್ವಾಂಸ, ತನ್ನ ಶಿಷ್ಯ ಲಾರ್ಡ್ ಲಿಂಕನ್ ಜೊತೆ ಅದೇ ಊರಿಗೆ ಬಂದಿದ್ದ. ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ ಆಳು ಬಂದು ಎಬ್ಬಿಸಿದ. ಸ್ಪೆನ್ಸ್ ಓಡಿಹೋಗಿ ನೋಡಿದರೆ ವಾಲ್ಪೋಲನಿಗೆ ಮಾತೇ ಹೊರಡುತ್ತಿಲ್ಲ. ಫ್ಲಾರೆನ್ಸಿನಿಂದ ಡಾಕ್ಟರ್ ಕೋಕಿಯನ್ನು ಕರೆಸಿದರು. ಜೀವ ಉಳಿಯಿತು. ಎರಡು ವರ್ಷ ಹಗಲಿರುಳು ಜೊತೆಗಿದ್ದ ಗೆಳೆಯ ಆ ರಾತ್ರಿ ಮಾತ್ರ ಇರಲಿಲ್ಲ.

ವಾಲ್ಪೋಲ್ ಸ್ಪೆನ್ಸ್ ಮತ್ತು ಲಿಂಕನ್ ಜೊತೆ ಊರಿಗೆ ಹೊರಟ. ಅಷ್ಟರಲ್ಲಿ ಅವನಿಲ್ಲದೆಯೇ ಅವನನ್ನು ಪಾರ್ಲಿಮೆಂಟಿಗೆ ಆರಿಸಿಯೂ ಆಗಿತ್ತು! ಗ್ರೇ ಹಳೆಯ ದಾರಿಯಲ್ಲೇ, ಗೆಳೆಯನಿಲ್ಲದೆ, ವಾಪಸ್ ಹೊರಟ. ದಾರಿಯಲ್ಲಿ ಮತ್ತೆ ಆ ಗ್ರಾಂಡ್ ಶಾರ್ತ್ರ್ಯೂಸ್ ಮಠಕ್ಕೆ ಹೋದ. ಅಲ್ಲಿನ ಅತಿಥಿಗಳ ಪುಸ್ತಕದಲ್ಲಿ ಲ್ಯಾಟಿನ್ ಪದ್ಯವೊಂದನ್ನು ಬರೆದಿಟ್ಟು ಬಂದ. ಮೊದಲ ಸಲ ಇಬ್ಬರೂ ಒಟ್ಟಿಗೆ ನಿಂತು ಬೆರಗಾಗಿದ್ದ ಜಾಗ ಅದು. ಸೆಪ್ಟೆಂಬರ್ ಹೊತ್ತಿಗೆ ಇಬ್ಬರೂ ಇಂಗ್ಲೆಂಡಿನಲ್ಲಿದ್ದರು, ಮಾತಿಲ್ಲದೆ.

*

ತಪ್ಪು ಯಾರದು?

ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ರೂಟ್ ಕಾಸ್ ಹುಡುಕಿ ಬರೆಯಬೇಕು. ಯಾರ ಮೇಲೂ ಬೆರಳು ತೋರಿಸದೆ ಬರೆಯಬೇಕು ಅನ್ನೋ ನಿಯಮ ಬೇರೆ. ಆಶ್ಚರ್ಯ ಅಂದರೆ ಈ ಜಗಳಕ್ಕೂ ಅಂಥದ್ದೊಂದು ವರದಿ ಇದೆ, ಅದನ್ನು ಬರೆದದ್ದು ವಾಲ್ಪೋಲನೇ. ಗ್ರೇ 1771ರ ಜುಲೈನಲ್ಲಿ ತೀರಿಕೊಂಡ. ಅವನ ಗೆಳೆಯ ವಿಲಿಯಂ ಮೇಸನ್ ಜೀವನಚರಿತ್ರೆ ಬರೆಯಲು ಕೂತಾಗ, 1773ರ ಮಾರ್ಚಿನಲ್ಲಿ ವಾಲ್ಪೋಲ್ ಅವನಿಗೊಂದು ಕಾಗದ ಬರೆದ. ಜಗಳವಾಗಿ ಆಗಲೇ 32 ವರ್ಷ.

ಅದರ ಸಾರಾಂಶ ಇಷ್ಟು. ನಾನು ಚಿಕ್ಕವನಿದ್ದೆ, ಮೋಜಿನಲ್ಲಿ ಮುಳುಗಿದ್ದೆ, ಪ್ರಧಾನಿಯ ಮಗ ಅನ್ನೋ ಮದ ತಲೆಗೇರಿತ್ತು. ನನ್ನ ಕೈಕೆಳಗೆ ಇದ್ದಾನೆ ಅಂತ, ಹೇಳಲು ನಾಚಿಕೆಯಾಗುತ್ತೆ, ನನಗೆ ಗೊತ್ತಿತ್ತು. ಅವನ ಮನಸ್ಸಿಗೆ ನೋವಾಗುವುದನ್ನು ಗಮನಿಸಲಿಲ್ಲ. ಅವನು ನನ್ನ ತಪ್ಪುಗಳನ್ನು ಮುಖಕ್ಕೆ ಹೇಳುತ್ತಿದ್ದ, ಅವನ್ನು ಕೇಳುವ ಇಷ್ಟ ನನಗಿರಲಿಲ್ಲ. ಅವನಿಗೆ ನೋಡಬೇಕೆನಿಸಿದ ಜಾಗಗಳಿಗೆ ನಾನು ಹೋಗಲಿಲ್ಲ, ಅವನೊಬ್ಬನೇ ಹೋಗಿ ಬರುವಂತೆ ಹೇಳಿದೆ. ಇದೆಲ್ಲ ಒಪ್ಪಿಕೊಂಡ ಮೇಲೆ, ಮುಖ್ಯ ತಪ್ಪು ನನ್ನದೇ ಅಂತ ಪುಸ್ತಕದಲ್ಲಿ ಹಾಕು ಅಂತ ಮೇಸನ್‌ಗೆ ಹೇಳಿದ. 1775ರಲ್ಲಿ ಪುಸ್ತಕ ಹಾಗೆಯೇ ಬಂತು. ಬದುಕಿದ್ದವನು ಸತ್ತವನ ಪರವಾಗಿ ಸಾಕ್ಷಿ ಹೇಳಿದ ಹಾಗೆ.

ಆದರೆ ಡಾಕ್ಟರ್ ಜಾನ್ಸನ್ ಅಷ್ಟಕ್ಕೇ ಬಿಡಲಿಲ್ಲ. 1781ರಲ್ಲಿ ಗ್ರೇ ಬಗ್ಗೆ ಬರೆಯುತ್ತಾ ಇನ್ನೊಂದು ಮುಖ ತೋರಿಸಿದ. ತನ್ನ ಯೋಗ್ಯತೆ ತನಗೆ ಚೆನ್ನಾಗಿ ಗೊತ್ತಿರುವ ಬಡವ, ದೊಡ್ಡವರ ಜೊತೆ ಇರುವಾಗ ತನ್ನ ಮರ್ಯಾದೆಯನ್ನು ಹೆಜ್ಜೆಹೆಜ್ಜೆಗೂ ಕಾವಲು ಕಾಯುತ್ತಾನೆ, ಸಣ್ಣದಕ್ಕೂ ಮುನಿಯುತ್ತಾನೆ ಅನ್ನೋ ಅರ್ಥದ ಮಾತು. ಜಾನ್ಸನ್ ಸ್ವತಃ ಬಡತನ ಉಂಡವನು. ಹಾಗಾಗಿ ಈ ಮಾತಿಗೆ ತೂಕ ಇದೆ.

ಇಲ್ಲಿ ನನ್ನದೊಂದು ಸಣ್ಣ ಕಥೆ ಸೇರಿಸುತ್ತೇನೆ. ಕೆಲವು ವರ್ಷದ ಹಿಂದೆ ನಾವು ಐದು ಜನ ಹಾಸ್ಟೆಲ್ ಗೆಳೆಯರು ವಿಯೆಟ್ನಾಂಗೆ ಹೋಗಿದ್ದೆವು. ಒಬ್ಬನ ಸಂಬಳ ನಮ್ಮೆಲ್ಲರ ಎರಡರಷ್ಟು. ಇನ್ನೊಬ್ಬ ಕೆಲಸ ಬಿಟ್ಟು ಸ್ವಂತದ್ದೇನೋ ಮಾಡುತ್ತಿದ್ದ, ಕೈ ಬಿಗಿ. ಮೊದಲನೆಯವನು ಒಳ್ಳೆಯ ಹೋಟೆಲೇ ಆಗಬೇಕು ಅಂದ. "ಲೋ ಮಗಾ, ನಿಂದು ನಾನು ಹಾಕ್ತೀನಿ ಬಿಡೋ, ತಲೆ ಕೆಡಿಸ್ಕೋಬೇಡ" ಅಂದ. ನಿಜಕ್ಕೂ ಪ್ರೀತಿಯಿಂದಲೇ ಅಂದದ್ದು, ನಾನೇ ಎದುರಿಗಿದ್ದೆ. ಎರಡನೆಯವನು ನಕ್ಕು ಸುಮ್ಮನಾದ. ನಾಲ್ಕನೇ ದಿನಕ್ಕೆ ಅವನು ಊಟಕ್ಕೆ ಕೂತರೆ ಬರೀ ಸೂಪ್ ಹೇಳುತ್ತಿದ್ದ. ಹಸಿವಿಲ್ಲ ಅನ್ನುತ್ತಿದ್ದ. ಆರನೇ ದಿನ ಎಲ್ಲಿಗೆ ಹೋಗೋಣ ಅನ್ನೋ ಮಾತಿಗೆ ಶುರುವಾದ ವಾದದಲ್ಲಿ "ದುಡ್ಡು ಕೊಡೋನು ನೀನು, ನೀನೇ ಹೇಳಪ್ಪಾ" ಅನ್ನೋ ಮಾತು ಹೊರಗೆ ಬಂತು. ಅಷ್ಟೇ. ಖರ್ಚು ಹಂಚುವ ಆ್ಯಪ್‌ನಲ್ಲಿ ಎಲ್ಲರ ಲೆಕ್ಕ ಸೊನ್ನೆಗೆ ಬಂದಿದೆ. ಅವರಿಬ್ಬರ ಮಾತು ಇನ್ನೂ ಬಂದಿಲ್ಲ.

ವಾಲ್ಪೋಲನ ಕಾಗದದ ಬಗ್ಗೆ ಓದುವಾಗ ನನಗೆ ಆ ಸೂಪ್ ನೆನಪಾಯಿತು. ಕೊಡುವವನಿಗೆ ಕೊಟ್ಟದ್ದು ಮರೆತುಹೋಗುತ್ತೆ. ತೆಗೆದುಕೊಂಡವನಿಗೆ ಪ್ರತಿ ತುತ್ತಿಗೂ ನೆನಪಾಗುತ್ತೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ಸ್ನೇಹ ಕೆಡುತ್ತೆ.

*

ಸರಿಸಮಾನರು ಹೋದರೆ ಜಗಳ ಆಗಲ್ಲವಾ? ಖಂಡಿತ ಆಗುತ್ತೆ. ಅದಕ್ಕೂ ಒಂದು ಒಳ್ಳೆ ಉದಾಹರಣೆ ಇದೆ.

1849ರ ಅಕ್ಟೋಬರಿನಲ್ಲಿ ಇಬ್ಬರು ಫ್ರೆಂಚ್ ಗೆಳೆಯರು ಈಜಿಪ್ಟಿಗೆ ಹೊರಟರು. ಗುಸ್ತಾವ್ ಫ್ಲಾಬೇರ್ ಮತ್ತು ಮ್ಯಾಕ್ಸಿಂ ದು ಕಾಂ. ಇಬ್ಬರೂ ಇಪ್ಪತ್ತೇಳು ಇಪ್ಪತ್ತೆಂಟರ ಆಸುಪಾಸು, ಇಬ್ಬರ ಮನೆಯಲ್ಲೂ ದುಡ್ಡಿತ್ತು. ದು ಕಾಂ ಕ್ಯಾಮರಾ ಹೊತ್ತು ಬಂದಿದ್ದ. ಫೋಟೋಗ್ರಫಿ ಹುಟ್ಟಿ ಹತ್ತೇ ವರ್ಷ ಆಗಿತ್ತು. ಒಂದೊಂದು ದೇಗುಲವನ್ನೂ ಅಳೆದು, ಸೆರೆಹಿಡಿದು, 1852ರಲ್ಲಿ 125 ಫೋಟೋಗಳ ಪುಸ್ತಕ ತಂದ. ಫ್ಲಾಬೇರ್‌ಗೆ ಎಲ್ಲ ದೇಗುಲವೂ ಒಂದೇ ಥರ ಕಾಣುತ್ತಿದ್ದವು, ಬೇಸರ. ಮತ್ತೆ ಅದೇ ಎರಡು ಜಾತಿ!

1850ರ ಮೇ ತಿಂಗಳಲ್ಲಿ ಕೆಂಪು ಸಮುದ್ರದ ಕೊಸೈರ್ ಊರಿಗೆ ಹೋಗಿ, ಮರುಭೂಮಿ ದಾಟಿ ನೈಲ್ ಕಡೆಗೆ ವಾಪಸ್ ಬರುತ್ತಿದ್ದರು. ದಾರಿಯಲ್ಲಿ ಒಂಟೆಯೊಂದು ಬಿದ್ದು ಚರ್ಮದ ನೀರಿನ ಚೀಲಗಳು ಒಡೆದುಹೋದವು. ನೀರಿಲ್ಲ. ಬಾಯಿ ಒಣಗಿ ಅಂಟುತ್ತಿದೆ. ಅಂಥ ಹೊತ್ತಲ್ಲಿ ಫ್ಲಾಬೇರ್ ಶುರುಮಾಡಿದ. ಪ್ಯಾರಿಸ್ಸಿನ ತೊರ್ತೊನಿ ಕೆಫೆಯ ನಿಂಬೆಹಣ್ಣಿನ ಐಸ್ ನೆನಪಿದೆಯಾ? ಅದರ ಮೇಲೆ ಹಿಮದ ಹಾಗೆ ಕೂತಿರುತ್ತಲ್ಲ? ಬಾಯಿಗೆ ಇಟ್ಟರೆ ಕರಗುತ್ತಲ್ಲ? ದು ಕಾಂ ಸುಮ್ಮನಿರು ಅಂದ. ಫ್ಲಾಬೇರ್ ಬಿಡಲಿಲ್ಲ, ಮತ್ತೆ ನಿಂಬೆಹಣ್ಣಿನ ಐಸ್. ಕೊಂದೇಬಿಡೋಣ ಅನ್ನುವಷ್ಟು ಸಿಟ್ಟು ಬಂದಿತ್ತು ಅಂತ ದು ಕಾಂ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆಮೇಲೆ 48 ಗಂಟೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ನೀರು ಸಿಕ್ಕಿದ ಮೇಲೆ ಫ್ಲಾಬೇರ್ ಅವನನ್ನು ತಬ್ಬಿಕೊಂಡು, ನನಗೆ ಗುಂಡು ಹೊಡೆಯದೆ ಬಿಟ್ಟೆಯಲ್ಲ, ಥ್ಯಾಂಕ್ಸ್, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಬಿಡುತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ಹೇಳಿದನಂತೆ.

48 ಗಂಟೆ! ಅಷ್ಟರಲ್ಲಿ ಮುಗೀತು. ಮುಂದೆ ಪ್ಯಾಲೆಸ್ಟೈನ್, ಸಿರಿಯಾ, ಕಾನ್‌ಸ್ಟಾಂಟಿನೋಪಲ್, ಗ್ರೀಸ್ ಸುತ್ತಿಯೇ ಬಂದರು. 1852ರ ಹೊತ್ತಿಗೆ ಇವರ ಸ್ನೇಹ ತಣ್ಣಗಾಯಿತು ನಿಜ. ಆದರೆ ಅದು ಪುಸ್ತಕ, ಹೆಸರು, ಪ್ಯಾರಿಸ್ಸಿನಲ್ಲಿ ಮೇಲೇರುವ ಆಸೆ, ಇವುಗಳ ಜಗಳ. ಪ್ರವಾಸದ್ದಲ್ಲ. ಆಮೇಲೂ 1856ರಲ್ಲಿ ಫ್ಲಾಬೇರ್‌ನ 'ಮದಾಂ ಬೊವಾರಿ' ಮೊದಲು ಅಚ್ಚಾದದ್ದು ದು ಕಾಂ ಸಂಪಾದಕನಾಗಿದ್ದ ಪತ್ರಿಕೆಯಲ್ಲೇ.

ಮರುಭೂಮಿಯ ಬಾಯಾರಿಕೆ 48 ಗಂಟೆಯಲ್ಲಿ ಮರೆತುಹೋಯಿತು. ಫ್ಲಾರೆನ್ಸಿನ ಔತಣಗಳು ನಾಲ್ಕೂವರೆ ವರ್ಷ ಮರೆಯಲಿಲ್ಲ. ಎರಡು ಉದಾಹರಣೆ ಇಟ್ಟುಕೊಂಡು ಸಿದ್ಧಾಂತ ಮಾಡಬಾರದು, ಗೊತ್ತು. ಆದರೂ ಸಿಟ್ಟಿಗಿಂತ ಹಂಗು ಜಾಸ್ತಿ ಕಾಲ ಬಾಳುತ್ತೆ ಅಂತ ನನಗೆ ಅನ್ನಿಸುತ್ತೆ.

*

ನಾಲ್ಕೂವರೆ ವರ್ಷ ಅಂದೆ. ಹೌದು, ಗ್ರೇ-ವಾಲ್ಪೋಲ್ ಮತ್ತೆ ಒಂದಾದರು. ನಡುವೆ ಬಹಳ ನಡೆದಿತ್ತು. 1741ರ ನವೆಂಬರಿನಲ್ಲಿ ಗ್ರೇಯ ಅಪ್ಪ ತೀರಿಕೊಂಡರು. 1742ರ ಫೆಬ್ರವರಿಯಲ್ಲಿ ವಾಲ್ಪೋಲನ ಅಪ್ಪನ ಅಧಿಕಾರ ಹೋಯಿತು. ಅದೇ ವರ್ಷ ಜೂನ್ 1ಕ್ಕೆ, ಇಬ್ಬರೂ ಅಷ್ಟೊಂದು ಕಾಗದ ಬರೆದಿದ್ದ ರಿಚರ್ಡ್ ವೆಸ್ಟ್ ಸತ್ತುಹೋದ. ಅವನಿಗೆ ಆಗ 25 ವರ್ಷ. ನಾಲ್ವರ ಗುಂಪಿನಲ್ಲಿ ಒಬ್ಬ ಹೋದ, ಉಳಿದವರಲ್ಲಿ ಇಬ್ಬರಿಗೆ ಮಾತಿಲ್ಲ.

1745ರ ನವೆಂಬರಿನಲ್ಲಿ, ಇಬ್ಬರಿಗೂ ಬೇಕಾದ ಹೆಂಗಸೊಬ್ಬರು ನಡುವೆ ನಿಂತು ಭೇಟಿ ಮಾಡಿಸಿದರು. ಗ್ರೇ ಈ ಭೇಟಿಯ ಬಗ್ಗೆ ಬರೆದದ್ದು ಓದಿದರೆ ನಗು ಬರುತ್ತೆ. ಇವನು ಎದೆ ಡವಡವ ಅನ್ನುತ್ತಾ ಹೋದರೆ, ವಾಲ್ಪೋಲ್ ಏನೂ ಆಗಿಲ್ಲವೆಂಬಂತೆ, ನಿನ್ನೆ ಮೊನ್ನೆ ಹಳ್ಳಿಗೆ ಹೋಗಿ ಬಂದವನನ್ನು ಸ್ವಾಗತಿಸುವ ಹಾಗೆ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಗ್ರೇಗೆ ಇನ್ನಷ್ಟು ಇರಿಸುಮುರಿಸು. ಆದರೆ ಮೂರನೇ ಭೇಟಿಯಲ್ಲಿ ಇಬ್ಬರೇ ಬೆಳಗಿನ ತಿಂಡಿಗೆ ಕೂತು, ಎಲ್ಲವನ್ನೂ ಬಿಡಿಸಿ ಮಾತಾಡಿಕೊಂಡರು. ಅಂದುಕೊಂಡದ್ದಕ್ಕಿಂತ ಸಮಾಧಾನವಾಗಿ ವಾಪಸ್ ಬಂದೆ ಅಂತ ಬರೆದಿದ್ದಾನೆ.

ಆ ಒಂದು ತಿಂಡಿ ಇಂಗ್ಲಿಷ್ ಸಾಹಿತ್ಯಕ್ಕೆ ಏನು ಕೊಟ್ಟಿತು ನೋಡಿ. 1747ರಲ್ಲಿ ವಾಲ್ಪೋಲನ ಬೆಕ್ಕು ಮೀನಿನ ತೊಟ್ಟಿಗೆ ಬಿದ್ದು ಸತ್ತಾಗ ಗ್ರೇ ಅದರ ಮೇಲೆ ಬರೆದ ತಮಾಷೆಯ ಪದ್ಯ ಇವತ್ತಿಗೂ ಪ್ರಸಿದ್ಧ. 1750ರ ಜೂನಿನಲ್ಲಿ ಗ್ರೇ ತನ್ನ ಸ್ಮಶಾನದ ಕವಿತೆ ಮುಗಿಸಿ ವಾಲ್ಪೋಲನಿಗೆ ಕಳಿಸಿದ. ಇವನೋ ಉತ್ಸಾಹಿ, ಹಸ್ತಪ್ರತಿಯನ್ನು ಕಂಡಕಂಡವರಿಗೆಲ್ಲ ತೋರಿಸಿದ. ಕೊನೆಗೆ ಒಂದು ಪತ್ರಿಕೆಯವರ ಕೈಗೂ ಸಿಕ್ಕಿ, ಅವರು ಅಚ್ಚು ಹಾಕಲು ಹೊರಟರು. ಗಾಬರಿಯಾದ ಗ್ರೇ 1751ರ ಫೆಬ್ರವರಿ 11ರಂದು ವಾಲ್ಪೋಲನಿಗೆ ಬರೆದ, ಕೂಡಲೇ ಡಾಡ್ಸ್ಲಿ ಹತ್ತಿರ ಅಚ್ಚು ಹಾಕಿಸು, ನನ್ನ ಹೆಸರು ಬೇಡ ಅಂತ. ಫೆಬ್ರವರಿ 15ಕ್ಕೆ ಕವಿತೆ ಹೊರಬಂತು, ಬೆಲೆ ಆರು ಪೆನ್ಸ್. ನಾಲ್ಕು ದಿನದಲ್ಲಿ ರಿಲೀಸ್! 1757ರಲ್ಲಿ ವಾಲ್ಪೋಲ್ ತನ್ನ ಮನೆಯಲ್ಲೇ ಮುದ್ರಣಾಲಯ ಹಾಕಿದಾಗ ಅಲ್ಲಿ ಮೊದಲು ಅಚ್ಚಾದದ್ದೂ ಗ್ರೇಯ ಕವಿತೆಗಳೇ. ಗ್ರೇ ಆ ಕವಿತೆಯಲ್ಲಿ ಬಡವರನ್ನು, ಅವಕಾಶವೇ ಸಿಗದೆ ಮಣ್ಣಾದ ಪ್ರತಿಭೆಗಳನ್ನು ನೆನೆದ. ಟೋಪಿ ಅಂಗಡಿಯ ಮಗ ಅದನ್ನು ಬರೆದ, ಪ್ರಧಾನಿಯ ಮಗ ಅದನ್ನು ಲೋಕಕ್ಕೆ ಮುಟ್ಟಿಸಿದ.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಪ್ರವಾಸದ ಲೆಕ್ಕ ಮುಗಿಯಲ್ಲ. ಫ್ಲಾರೆನ್ಸಿನಲ್ಲಿ ಆತಿಥ್ಯ ಕೊಟ್ಟ ಹೊರೇಸ್ ಮಾನ್ ನೆನಪಿದ್ದಾನಲ್ಲ? 1741ರಲ್ಲಿ ವಾಲ್ಪೋಲ್ ಅಲ್ಲಿಂದ ಹೊರಟ ಮೇಲೆ ಅವರಿಬ್ಬರು ಮತ್ತೆ ಒಮ್ಮೆಯೂ ಭೇಟಿಯಾಗಲಿಲ್ಲ. ಮಾನ್ ಇಂಗ್ಲೆಂಡಿಗೆ ಬರಲಿಲ್ಲ, ವಾಲ್ಪೋಲ್ ಇಟಲಿಗೆ ಹೋಗಲಿಲ್ಲ. ಆದರೆ 1786ರಲ್ಲಿ ಮಾನ್ ಸಾಯುವವರೆಗೆ, 45 ವರ್ಷ, ಒಬ್ಬರಿಗೊಬ್ಬರು ಕಾಗದ ಬರೆದರು. ಸಾವಿರಕ್ಕೂ ಹೆಚ್ಚು ಕಾಗದ. ಇವತ್ತು ಆ ಕಾಲದ ಚರಿತ್ರೆ ಬರೆಯುವವರಿಗೆ ಅದೊಂದು ಗಣಿ. 1754ರ ಜನವರಿ 28ರಂದು ಮಾನ್‌ಗೆ ಬರೆದ ಕಾಗದದಲ್ಲೇ ವಾಲ್ಪೋಲ್ ಇಂಗ್ಲಿಷಿಗೆ ಒಂದು ಹೊಸ ಪದ ಕೊಟ್ಟ, ಸೆರೆಂಡಿಪಿಟಿ. ಹುಡುಕದೇ ಇದ್ದದ್ದು ಅಕಸ್ಮಾತ್ ಸಿಗುವುದು. ಸೆರೆಂಡಿಪ್ ಅಂದರೆ ನಮ್ಮ ಪಕ್ಕದ ಸಿಂಹಳ. ಅಲ್ಲಿನ ಮೂರು ರಾಜಕುಮಾರರು ಪರದೇಶ ಸುತ್ತುವ ಕಥೆ 1557ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಗಿತ್ತು. ಅದರ ಬೇರು ದೆಹಲಿಯ ಅಮೀರ್ ಖುಸ್ರೋ ಪಾರಸಿಯಲ್ಲಿ ಬರೆದ ಕಾವ್ಯದವರೆಗೆ ಹೋಗುತ್ತೆ. ಒಟ್ಟಿಗೆ ಊರು ಸುತ್ತಲು ಹೋದ ಮೂವರು, ಜಗಳವಾಡದೆ ವಾಪಸ್ ಬಂದ ಕಥೆ ಅದು. ಅವರು ಅಣ್ಣತಮ್ಮಂದಿರು, ಖರ್ಚು ಅಪ್ಪನದು :)

ಒಂದು ಕಡೆ ಎರಡು ವರ್ಷ ಜೊತೆಗಿದ್ದು ಮುರಿದ ಸ್ನೇಹ, ಇನ್ನೊಂದು ಕಡೆ ಮುಖವನ್ನೇ ನೋಡದೆ 45 ವರ್ಷ ಬಾಳಿದ ಸ್ನೇಹ. ಬರೀ ಬರಹದಲ್ಲೇ ಪರಿಚಯವಾಗಿ, ಬರಹದಲ್ಲೇ ಹತ್ತಿರವಾದ ನಮ್ಮಂಥ ಬ್ಲಾಗಿಗರಿಗೆ ಎರಡನೆಯದು ಚೆನ್ನಾಗಿ ಅರ್ಥವಾಗುತ್ತೆ. ನಾವೂ ಒಟ್ಟಿಗೆ ಪ್ರವಾಸ ಹೋಗದಿರುವುದೇ ಒಳ್ಳೆಯದೇನೋ!

ತಮಾಷೆಗೆ ಅಂದೆ. ನಿಜ ಹೇಳಬೇಕೆಂದರೆ ನಾನು ಓದಿಕೊಂಡದ್ದರಲ್ಲಿ ಮನಸ್ಸಿನಲ್ಲಿ ನಿಂತದ್ದು ಎರಡು ತಾರೀಖು. ಒಂದು 1745ರ ಆ ತಿಂಡಿ, ಇನ್ನೊಂದು 1773ರ ಕಾಗದ. ವಾಲ್ಪೋಲ್ ತನ್ನ ತಪ್ಪನ್ನು ಅಷ್ಟು ಸ್ಪಷ್ಟವಾಗಿ ಬರೆದಾಗ ಅದನ್ನು ಓದಬೇಕಾದವನು ಸತ್ತು ಎರಡು ವರ್ಷವಾಗಿತ್ತು. ಆದರೆ ಅದಕ್ಕೂ ಮೊದಲು, ನಡುವೆ ನಿಂತ ಒಬ್ಬ ಹೆಂಗಸಿನ ದೆಸೆಯಿಂದ, ಅವರಿಗೆ ಇಪ್ಪತ್ತೈದು ವರ್ಷದ ಸ್ನೇಹ ಮತ್ತೆ ಸಿಕ್ಕಿತ್ತು. ಚರಿತ್ರೆ ಆ ಹೆಂಗಸಿನ ಬಗ್ಗೆ ಎರಡು ಸಾಲೂ ಬರೆದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಕೆಲಸ ಮಾಡಿದವಳು ಅವಳೇ.

ಈ ಬರಹದ ಲಿಂಕನ್ನು ನನ್ನ ಇಬ್ಬರು ಗೆಳೆಯರಿಗೆ ಬೇರೆಬೇರೆಯಾಗಿ ಕಳಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ದೋಸೆ, ದುಡ್ಡು ಅವರವರದ್ದು ಅವರವರೇ ಕೊಡೋದು ಅಂತ ಕೆಳಗೆ ಒಂದು ಸಾಲು ಸೇರಿಸಿದ್ದೇನೆ.